ಬಂದರು ಬಂತು, ದುರಸ್ತಿಯ ದುಡ್ಡು?

ಹನ್ನೊಂದು ಸಾವಿರದಷ್ಟು ಜನರಿರುವ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ತುವಾಲುವಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲ ಕೊಡದೆ ಅನುದಾನವನ್ನೇ ಏಕೆ ಕೊಡಬೇಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಸಾಲ ತೀರಿಸುವುದು ಯಾವುದರಿಂದ ಸ್ವಾಮಿ? ಮೀನುಗಾರಿಕೆ ಪರವಾನಗಿಯ ಶುಲ್ಕ, ಆ ದೇಶದ ಪಾಲಿಗೆ ಬಂದಿರುವ ‘ಡಾಟ್ ಟಿವಿ’ (.tv) ಅಂತರ್ಜಾಲ ವಿಳಾಸದ ಬಾಡಿಗೆ, 1987ರಲ್ಲಿ ಕಟ್ಟಿದ ಟ್ರಸ್ಟ್ ನಿಧಿಯ ಆದಾಯ. ಹೆಚ್ಚುಕಡಿಮೆ ಗಂಟು ಅಷ್ಟೇ. ಟ್ಯೂನಾ ಮೀನು ಬೇರೆ ಕಡಲಿಗೆ ಹೊರಳಿದ ವರ್ಷ ಬಜೆಟ್ಟೇ ಅಲುಗಾಡುತ್ತದೆ.

ನನ್ನ ತಕರಾರು ಬೇರೆ. ಹೊರದ್ವೀಪಗಳಲ್ಲಿ ಹಡಗು ದಡಕ್ಕೆ ಬರಲಾಗದೆ ದೂರದಲ್ಲೇ ನಿಲ್ಲುತ್ತದೆ. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಕೈಹಿಡಿದು ಇಳಿಸಬೇಕಾದ ಮುದುಕಿ, ಎಲ್ಲವೂ ಸಣ್ಣ ದೋಣಿಯಲ್ಲಿ ಹವಳದಿಬ್ಬದ ಅಲೆ ದಾಟಬೇಕು. ಹಾಗಾಗಿ ಬ್ಯಾಂಕಿನ ಅನುದಾನದಲ್ಲಿ ನುಕುಲೈಲೇ ಎಂಬ ಹೊರದ್ವೀಪದಲ್ಲಿ ಬಂದರು ಕಟ್ಟಿಸಿದ್ದು ಸರಿಯಾದ ಕೆಲಸವೇ. ಆದರೆ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದಾಗ ರಿಪೇರಿಗೆ ಹಣ ಯಾರದು? ಯೋಜನೆ ಬರೆಯುವಾಗಲೇ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.