ವಾದ್ಯ ನುಡಿಸಬಾರದು, ಡಿಜೆ ಪರವಾಗಿಲ್ಲ

ನಮ್ಮ ಕೋಲಾರದ ಪಾರ್ಕೊಂದರ ಬೋರ್ಡಿಗೆ ಹೊಸ ಸಾಲು ಬರೆಸಿರುವ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಅದರ ಫೋಟೊ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಸುತ್ತಿ ಬಂದಿದೆ. ಹೂ ಕೀಳಬಾರದು, ಹುಲ್ಲು ತುಳಿಯಬಾರದು, ನಾಯಿ ಕರೆತರಬಾರದು ಅನ್ನುವುದೆಲ್ಲ ಹಳೆಯದು. ಅದಕ್ಕೆ ಯಾರ ತಕರಾರೂ ಇಲ್ಲ. ಅಲ್ಲಿ ಕೀಳೋಕೆ ಹೂವಿಲ್ಲ, ತುಳಿಯೋಕೆ ಹುಲ್ಲಿಲ್ಲ. ನಾಯಿಗಳನ್ನು ಯಾರೂ ಕರೆತರಬೇಕಾಗಿಲ್ಲ, ಅವು ಅಲ್ಲೇ ಸಂಸಾರ ಹೂಡಿವೆ. ಕೆಳಗೆ ಕೆಂಪು ಬಣ್ಣದಲ್ಲಿ ಸೇರಿಸಿರುವುದು ಇದು: ‘ಗಿಟಾರ್ ಮುಂತಾದ ವಾದ್ಯಗಳನ್ನು ನುಡಿಸಬಾರದು.’

‘ಮುಂತಾದ’ ಅಂತ ಹಾಕಿರುವುದು ಮರ್ಯಾದೆಗೆ. ಆ ಪಾರ್ಕಿಗೆ ಇದುವರೆಗೆ ವೀಣೆ ಹೊತ್ತು ಬಂದವರಿಲ್ಲ, ಮೃದಂಗ ತಂದವರಿಲ್ಲ. ಬರುತ್ತಿದ್ದದ್ದು ಒಂದೇ ಗಿಟಾರು, ಅದನ್ನು ಸರದಿ ಪ್ರಕಾರ ಹಿಡಿದುಕೊಳ್ಳುವ ಮೂರು ಜನ. ನೀರಿಲ್ಲದ ಕಾರಂಜಿಯ ಕಟ್ಟೆ ಮೇಲೆ ಕೂತು, ಸಂಜೆ ಹೊತ್ತು ಟೊಂಯ್ ಟೊಂಯ್ ಅನ್ನಿಸುತ್ತಿದ್ದರು. ಈ ಅಪಾಯವನ್ನು ಸಕಾಲದಲ್ಲಿ ಗುರುತಿಸಿ ಊರನ್ನು ಕಾಪಾಡಿದ ಮಹನೀಯರು ಯಾರೇ ಇರಲಿ, ಬರುವ ರಾಜ್ಯೋತ್ಸವಕ್ಕೆ ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಖಾತ್ರಿ ಆಗಬೇಕು. ಬುಟ್ಟಿಯಲ್ಲಿ ಟೊಮೆಟೊ ಇಟ್ಟರೂ ನಡೆಯುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಅದೂ ಹಣ್ಣೇ.

ಟೊಮೆಟೊ ಅಂದೆ ನೋಡಿ, ಈ ಗಿಟಾರ್ ಬಂದದ್ದೇ ಅದರಿಂದ. ಮೂವರಲ್ಲಿ ಒಬ್ಬ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಧಣಿ ಖುಷಿಯಾಗಿ ಕೈಗೆ ಒಂದಷ್ಟು ಕೊಟ್ಟರಂತೆ. ಆ ತಿಂಗಳು ನಮ್ಮ ಕಡೆ ಸೈಟಿಗೆ ಅಡ್ವಾನ್ಸ್ ಕೊಟ್ಟವರಿದ್ದಾರೆ, ಹೆಂಡತಿಗೆ ಸರ ಮಾಡಿಸಿದವರಿದ್ದಾರೆ. ಇವನು ಗಿಟಾರ್ ತಗೊಂಡ. ಇನ್ನೊಬ್ಬ ಐಟಿಐ ಹುಡುಗ. ಮೂರನೆಯವಳು ನರ್ಸಿಂಗ್ ಓದುವ ಹುಡುಗಿ. ಗುರು ಯಾರು ಅಂತ ಕೇಳಿದರೆ ಮೊಬೈಲ್ ತೋರಿಸುತ್ತಾರೆ. ಅದರಲ್ಲೂ ಡೇಟಾ ಇರುವವನ ಮೊಬೈಲ್.

ಇರಲಿ, ಸದ್ದಿನ ವಿಷಯಕ್ಕೆ ಬರೋಣ. ಬೋರ್ಡು ಬರೆಸಿದ್ದು ಸದ್ದಿನಿಂದ ಜನಕ್ಕೆ ತೊಂದರೆ ಆಗುತ್ತದೆ ಅಂತ. ನಮ್ಮ ಆಡಳಿತದ ಕಿವಿ ಬಹಳ ಸೂಕ್ಷ್ಮ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಎಲ್ಲ ಬರೆದಿದ್ದಾರೆ. ಜನ ವಾಸ ಮಾಡುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬಹರಿದಿನಕ್ಕೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲ ಬಿಡಬಹುದು. ಆ 15 ದಿನ ನಮ್ಮಲ್ಲಿ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತೋ ದೇವರಿಗೇ ಗೊತ್ತು. ಗಣಪತಿಯನ್ನು ಎಲ್ಲರೂ ಒಂದೇ ದಿನ ಕೂರಿಸುತ್ತಾರೆ, ಬಿಡುವುದು ಮಾತ್ರ ಬೀದಿಗೊಂದು ದಿನ. ನವೆಂಬರ್ ಒಂದರ ರಾಜ್ಯೋತ್ಸವ ಡಿಸೆಂಬರ್ ಕಳೆದರೂ ಮುಗಿಯುವುದಿಲ್ಲ. ನಡುವೆ ನಾಯಕರು ಹುಟ್ಟಿದ ದಿನಗಳು. ನಮ್ಮ ನಾಯಕರು ಬಹಳ ಜನ, ಎಲ್ಲರೂ ಹುಟ್ಟಿದ್ದಾರೆ.

ಡಿಜೆ ಲಾರಿ ಬೀದಿಗೆ ತಿರುಗಿದರೆ ಅಡುಗೆಮನೆ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ತಾವಾಗೇ ತಾಳ ಹಾಕುತ್ತವೆ. ಎದುರು ಮನೆಯ ಬಾಣಂತಿ ಮಗುವಿನ ಕಿವಿ ಮುಚ್ಚಿಕೊಂಡು ಹಿಂದಿನ ರೂಮಿಗೆ ಓಡುತ್ತಾಳೆ. ಲಾರಿಯ ಹಿಂದೆಯೇ ಪೊಲೀಸ್ ಜೀಪು ಬರುತ್ತದೆ. ನಿಲ್ಲಿಸೋಕೆ ಅಂದುಕೊಂಡಿರಾ? ಟ್ರಾಫಿಕ್ ಬಿಡಿಸೋಕೆ. ಬೆಳಗಾದರೆ ಕಸದ ಗಾಡಿಯ ಹಾಡು. ಆಮೇಲೆ ಈರುಳ್ಳಿ ಗಾಡಿ, ಒಂದೇ ಸಾಲನ್ನು ರೆಕಾರ್ಡ್ ಮಾಡಿಕೊಂಡು ಸುತ್ತುತ್ತಾ ಇರುತ್ತದೆ. ಇನ್ನು ಬೋರ್‌ವೆಲ್ ಲಾರಿ ಇಡೀ ರಾತ್ರಿ ಸಾವಿರದೈನೂರು ಅಡಿ ಕೊರೆಯುವ ಸದ್ದು ಕೋಲಾರದ ಜೋಗುಳ. ಅದು ನಿಂತರೆ ನಮಗೆ ಎಚ್ಚರ ಆಗುತ್ತದೆ. ಪಾರ್ಕಿನೊಳಗೇ ಬೆಳಗ್ಗೆ ನಗೆಕೂಟದವರು ಕೈ ಎತ್ತಿ ಹೋ ಹೋ ಹಾ ಹಾ ಅನ್ನುತ್ತಾರೆ. ವಾಕಿಂಗ್ ಹಿರಿಯರು ಜೇಬಿನಲ್ಲಿ ಫೋನ್ ಇಟ್ಟುಕೊಂಡು ಟಿವಿ ಚರ್ಚೆಯನ್ನು ಊರಿಗೆಲ್ಲ ಕೇಳಿಸುತ್ತಾರೆ. ಇವು ಯಾವುದೂ ಬೋರ್ಡಿನಲ್ಲಿಲ್ಲ. ಪ್ಲಗ್ಗೂ ಇಲ್ಲದ, ಮೈಕೂ ಇಲ್ಲದ, ಹತ್ತು ಹೆಜ್ಜೆ ಆಚೆ ನಿಂತರೆ ಸರಿಯಾಗಿ ಕೇಳದ ಮರದ ಡಬ್ಬಿ ಬೋರ್ಡಿನಲ್ಲಿದೆ. ಅದನ್ನು ನಿಲ್ಲಿಸೋಕೆ ವಾಚ್‌ಮನ್ ಊದುವ ವಿಶಲ್ ಇದೆಯಲ್ಲ, ಅದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ.

ವಾಚ್‌ಮನ್ ಪಾಪ, ಒಳ್ಳೆಯ ಮನುಷ್ಯ. ‘ನಂಗೇನ್ ಗೊತ್ತು ಸಾಮಿ, ಊದು ಅಂದ್ರು, ಊದ್ತೀನಿ’ ಅಂತಾನೆ. ಸಂಸ್ಕೃತಿಯ ಪ್ರಶ್ನೆ ಎತ್ತಿದವರು ವಾಕಿಂಗ್ ಹಿರಿಯರಲ್ಲೊಬ್ಬರು. ‘ಇದೆಲ್ಲ ನಮ್ಮದಲ್ಲ ಕಣಪ್ಪ, ಫಾರಿನ್‌ನವರ ಚಾಳಿ’ ಅಂದರು. ಯಜಮಾನರ ಮೊಮ್ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಪಿಟೀಲು ಯುರೋಪಿನದು. ಸುಮಾರು ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಯಜಮಾನರ ಮಗನ ಮದುವೆಯಲ್ಲಿ ನಾದಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಇಟ್ಟಿದ್ದರು, ಊಟಕ್ಕಿಂತ ಅದರದ್ದೇ ಮಾತು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಅದು. ಕದ್ರಿ ಗೋಪಾಲನಾಥರು ಅದರಲ್ಲಿ ಕಲ್ಯಾಣಿ ರಾಗ ನುಡಿಸಿದ ಮೇಲೆ ಯಾರಾದರೂ ಪಾಸ್‌ಪೋರ್ಟ್ ಕೇಳಿದರಾ?

ಹಾಗಂತ ಬೋರ್ಡಿನವರನ್ನು ಹಗುರವಾಗಿ ನೋಡುವ ಹಾಗೂ ಇಲ್ಲ. ಅವರ ಹಿಂದೆ ದೊಡ್ಡ ಪರಂಪರೆ ಇದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗೆ ಹಾಕಿತ್ತು. ಇದರಲ್ಲಿ ಸ್ವರವನ್ನು ಜಾರಿಸಿ ಆಡಿಸುವ ಗಮಕ ಬರಲ್ಲ, ಇದು ನಮ್ಮದಲ್ಲ, ಅದೇ ಮಾತುಗಳು. ಆ ಹೊತ್ತಿಗೆ ಹಾರ್ಮೋನಿಯಂ ಇಲ್ಲದೆ ನಾಟಕ ಕಂಪನಿಗಳಲ್ಲಿ ಪರದೆ ಏಳುತ್ತಿರಲಿಲ್ಲ, ಹಳ್ಳಿಯ ಭಜನೆ ಮನೆಗಳಲ್ಲಿ ಏಕಾದಶಿ ಆಗುತ್ತಿರಲಿಲ್ಲ. ಆದರೂ ಮೂವತ್ತು ವರ್ಷ ಅದು ರೇಡಿಯೋ ಸ್ಟೇಷನ್ ಬಾಗಿಲಲ್ಲಿ ನಿಂತಿತ್ತು. 1971ರಲ್ಲಿ ಒಳಗೆ ಬಿಟ್ಟರು, ಅದೂ ಪೂರ್ತಿಯಾಗಿ ಅಲ್ಲ. ಆ ಲೆಕ್ಕದಲ್ಲಿ ನಮ್ಮ ಮೂವರು ಐವತ್ತು ದಾಟಿದ ಮೇಲೆ ಕಾರಂಜಿ ಕಟ್ಟೆಯಲ್ಲಿ ಮತ್ತೆ ಕೂರಬಹುದು. ಅಷ್ಟು ಹೊತ್ತಿಗೆ ಕಾರಂಜಿಗೆ ನೀರೂ ಬಂದಿರಬಹುದು.

ಗಿಟಾರ್ ಹೊರಗಿನದು ಅನ್ನುವವರು ಒಂದು ಸಲ ಮೂವತ್ತು ಕಿಲೋಮೀಟರ್ ಆಚೆ ಕೆಜಿಎಫ್‌ಗೆ ಹೋಗಿ ಬರಲಿ. ನಮ್ಮ ಜಿಲ್ಲೆಯೇ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು, ಬೆಂಗಳೂರಿಗಿಂತ ಮೊದಲು. ಗಣಿ ಕಾಲೊನಿಗಳ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಗಿಟಾರ್ ಅಂದರೆ ಗೋಡೆಗೆ ನೇತುಹಾಕಿದ ಕೊಡೆ ಇದ್ದ ಹಾಗೆ, ಬೇಕಾದವರು ತೆಗೆದುಕೊಳ್ಳುವುದು. ಕ್ರಿಸ್‌ಮಸ್ ಬಂದರೆ ಡ್ಯಾನ್ಸು, ಡ್ಯಾನ್ಸಿಗೆ ಬ್ಯಾಂಡು. ಅಲ್ಲಿ ಗಿಟಾರ್ ಕ್ಲಾಸ್ ಅಂತ ಯಾರು ಬೋರ್ಡು ಹಾಕುತ್ತಾರೆ? ಮಾವ ನುಡಿಸುವುದನ್ನು ನೋಡಿ ಅಳಿಯ, ಅಣ್ಣನನ್ನು ನೋಡಿ ತಮ್ಮ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಕುಟುಂಬಗಳು ಬೆಂಗಳೂರಿಗೆ, ಆಸ್ಟ್ರೇಲಿಯಾಕ್ಕೆ ಹೋದವು. ಚಿನ್ನ ಹೋಯಿತು ಅಂತ ಇನ್ನೂ ಅಳುತ್ತೇವೆ. ಆ ಬ್ಯಾಂಡುಗಳ ಬಗ್ಗೆ ಯಾರೂ ಉಸಿರೆತ್ತುವುದಿಲ್ಲ.

ಈಗ ಕೋಲಾರದಲ್ಲಿ ಗಿಟಾರ್ ತಂತಿ ಕೇಳಿ ನೋಡಿ. ಒಂದನೇ ತಂತಿ ಎಲ್ಲಕ್ಕಿಂತ ತೆಳು, ಮೊದಲು ಕಿತ್ತುಹೋಗುವುದು ಅದೇ. ಕಿತ್ತುಹೋಯಿತು. ಮಂಡಿ ಹುಡುಗ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗಬಹುದು ಅಂತ ಹೋಗಿ ‘ತಂತಿ ಬೇಕಿತ್ತು’ ಅಂದ. ‘ಯಾವ ಗೇಜು?’ ಅಂದರು ಅಂಗಡಿಯವರು. ಹುಡುಗನಿಗೆ ಖುಷಿಯೋ ಖುಷಿ, ಗೇಜು ಗೊತ್ತಿರುವ ಅಂಗಡಿ ಸಿಕ್ಕಿತಲ್ಲ! ‘ಹತ್ತು’ ಅಂದ. ಗಿಟಾರ್ ಲೆಕ್ಕದಲ್ಲಿ ಹತ್ತು ಅಂದರೆ ಇಂಚಿನ ಸಾವಿರ ಭಾಗದಲ್ಲಿ ಹತ್ತು, ಅಂದರೆ ಕಾಲು ಮಿಲಿಮೀಟರ್. ಅಂಗಡಿಯವರ ಹತ್ತು ಅಂದರೆ ಮೂರು ಮಿಲಿಮೀಟರಿಗೂ ದಪ್ಪದ ಜಿಐ ತಂತಿ. ಸುರುಳಿ ಎಳೆದು ತಕ್ಕಡಿಗೆ ಹಾಕಿ, ‘ಎಷ್ಟು ಕೆ.ಜಿ.? ಟೊಮೆಟೊಗಾ, ದ್ರಾಕ್ಷಿ ಚಪ್ಪರಕ್ಕಾ?’ ಅಂದರು. ಹುಡುಗ ಗಿಟಾರಿಗೆ ಅಂದ. ಅವರು ಸ್ವಲ್ಪ ಯೋಚಿಸಿ, ‘ಅದ್ರಲ್ಲಿ ಎಷ್ಟು ಇಳುವರಿ ಬರತ್ತೆ?’ ಅಂದರಂತೆ.

ಹಾಗಾಗಿ ಬೆಂಗಳೂರಿಗೆ ಯಾರು ಹೋಗುತ್ತಾರೋ ಅವರು ತಂತಿ ತರಬೇಕು ಅಂತ ನಿಯಮ ಮಾಡಿಕೊಂಡಿದ್ದಾರೆ. ಈಚೆಗೆ ಬಂಗಾರಪೇಟೆಯಿಂದಲೂ ಭಾನುವಾರ ಇಬ್ಬರು ಬರುತ್ತಾರೆ. ಅವರದ್ದು ಬೇರೆ ಗಿಟಾರು, ಅದೇ ಕಷ್ಟ. ಒಂದನೇ ತಂತಿ ಯಾರ ಹತ್ತಿರ ಇದ್ದರೂ ಎಲ್ಲರದ್ದೂ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುವ ಕೇಪೊ ಅನ್ನುವ ಕ್ಲಿಪ್ಪು ಕೊಳ್ಳೋಕೆ ದುಡ್ಡಿಲ್ಲದಾಗ ಪೆನ್ಸಿಲನ್ನು ಅಡ್ಡ ಇಟ್ಟು ರಬ್ಬರ್ ಬ್ಯಾಂಡ್ ಬಿಗಿದರು. ಕೆಲಸ ಆಯಿತು. ನರ್ಸಿಂಗ್ ಹುಡುಗಿ ಒಂದು ಹಾಳೆ ಬರೆದಿದ್ದಾಳೆ, ಆಸ್ಪತ್ರೆ ಚಾರ್ಟಿನ ಹಿಂಬದಿಯಲ್ಲಿ. ಈಗ ಅದರ ಜೆರಾಕ್ಸಿನ ಜೆರಾಕ್ಸು ಓಡಾಡುತ್ತಿದೆ. ಮೇಲೆ ಶ್ರುತಿ ಮಾಡುವುದು ಹೇಗೆ ಅಂತ (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗಳ ಮನೆ): ಆರನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿದರೆ ಐದನೇ ತಂತಿಯ ಸ್ವರ ಸಿಗಬೇಕು, ಹೀಗೇ ಕೆಳಗೆ ಬನ್ನಿ, ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್. ಕೆಳಗೆ ಎಫ್ ಕಾರ್ಡಿನ ಬಗ್ಗೆ. ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಗಿಟಾರ್ ಕಲಿಯೋಕೆ ಹೊರಟವರಿಗೆ ಈ ಎಫ್ ಗೊತ್ತು. ತೋರುಬೆರಳನ್ನು ಮೊದಲ ಫ್ರೆಟ್ ಮೇಲೆ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಊರಿನ ಅಟ್ಟಗಳ ಮೇಲಿರುವ ಗಿಟಾರ್‌ಗಳಲ್ಲಿ ಬಹಳಷ್ಟು ಅಲ್ಲಿಗೇ ನಿಂತವು. ಹುಡುಗಿ ಬರೆದಿದ್ದಾಳೆ: ‘ಮೊದಲನೇ ಫ್ರೆಟ್‌ನಲ್ಲಿ ತಂತಿ ಜಾಸ್ತಿ ಗಟ್ಟಿ. ಇದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿದು ಅಭ್ಯಾಸ ಮಾಡಿ, ದಿನಕ್ಕೊಂದು ಫ್ರೆಟ್ ಹಿಂದೆ ಬನ್ನಿ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಮೂಳೆ ಕಡೆ ಒತ್ತಿ. ನೋವಾದರೆ ನಿಲ್ಲಿಸಿ, ಗುಳ್ಳೆ ಒಡೆಯಬೇಡಿ.’ ಕೊನೆಯ ಸಾಲು ನರ್ಸಿಂಗ್ ಸಿಲಬಸ್ಸಿನದು.

ಇದೇ ಊರಲ್ಲಿ ಗಿಟಾರ್ ಕಲಿಯುವವರ ಒಂದು ವಾಟ್ಸಾಪ್ ಗ್ರೂಪೂ ಇದೆ. ಬೇಜಾನ್ ಜನ ಇದ್ದಾರೆ. ಅಲ್ಲಿ ಯಾರೋ ನಲವತ್ತು ಜಿಬಿ ಪಾಠಗಳ ಲಿಂಕ್ ಹಾಕಿದರು. ಎಲ್ಲರೂ ಕೈಮುಗಿದರು, ಡೌನ್‌ಲೋಡ್ ಮಾಡಿದರು, ಮಲಗಿದರು. ಮರುದಿನ ಇನ್ನೊಬ್ಬರು ಅದಕ್ಕಿಂತ ದೊಡ್ಡ ಲಿಂಕ್ ಹಾಕಿದರು. ಗಿಟಾರ್ ಎಷ್ಟು ಜನರ ಹತ್ತಿರ ಇದೆ ಅಂತ ಒಬ್ಬ ಕೇಳಿದ. ಅವನನ್ನು ಅಡ್ಮಿನ್ ತೆಗೆದುಹಾಕಿದರು.

ತಮಾಷೆ ಸಾಕು. ನಿಜ ಹೇಳಬೇಕೆಂದರೆ ಆ ಬೋರ್ಡು ನೋಡಿದಾಗಲೆಲ್ಲ ನನಗೆ ಸುಸ್ತಾಗುತ್ತದೆ. ಈ ಊರಲ್ಲಿ ಸಂಜೆ ಹೊತ್ತು ಇಪ್ಪತ್ತು ವರ್ಷದವರಿಗೆ ಏನಿದೆ ಹೇಳಿ. ಬಾರ್ ಇದೆ. ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಇದೆ, ಅದರಲ್ಲಿ ದುಡ್ಡು ಕಳಕೊಂಡು ಮನೆ ಬಿಟ್ಟು ಹೋದ ಹುಡುಗರು ನನಗೇ ಗೊತ್ತು. ಆ ಬಾರ್ ಮುಂದೆ ಯಾರೂ ವಿಶಲ್ ಊದುವುದಿಲ್ಲ. ಮೂರು ಮಕ್ಕಳು ಯಾರ ಹತ್ತಿರವೂ ಒಂದು ಪೈಸೆ ಕೇಳದೆ, ತಾವೇ ಕಲಿತು, ಕಲಿತದ್ದನ್ನು ಜೆರಾಕ್ಸ್ ಮಾಡಿ ಇನ್ನೊಬ್ಬರಿಗೆ ಕೊಡುತ್ತಿದ್ದಾರೆ. ಸಮುದಾಯ, ಕೌಶಲ, ಯುವಶಕ್ತಿ ಅಂತ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡುತ್ತೀರಲ್ಲ ಸ್ವಾಮಿ, ಅದು ಆ ಕಟ್ಟೆ ಮೇಲೆ ಕೂತಿತ್ತು. ನೀವು ಎಬ್ಬಿಸಿ ಕಳಿಸಿದಿರಿ. ಅದಕ್ಕೆ ಕೆಂಪು ಪೇಂಟ್ ಬೇರೆ ಖರ್ಚು ಮಾಡಿದಿರಿ.

ಬೇರೆ ಜಾಗ ಸಿಗುತ್ತದೇನೋ ಅಂತ ಅವರ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ. ವರ್ಷದಲ್ಲಿ ಮುಕ್ಕಾಲು ಭಾಗ ಬೀಗ ಹಾಕಿರುವ ಒಂದು ಸಭಾಂಗಣ ಇದೆ, ಅದರ ಹೊರಗಿನ ಜಗಲಿ ಸಾಕು ಅಂತ ಕೇಳಿದೆವು. ಗುಮಾಸ್ತರು ಕೂರಿಸಿ ನೀರು ಕೊಟ್ಟರು, ಫಾರ್ಮ್ ತೆಗೆದರು.

‘ಕಾರ್ಯಕ್ರಮದ ಅಧ್ಯಕ್ಷತೆ ಯಾರು?’

ಯಾರೂ ಇಲ್ಲ ಅಂದೆವು.

‘ಉದ್ಘಾಟನೆ?’

ಅದೂ ಇಲ್ಲ.

‘ಸೌಂಡ್ ಬಾಕ್ಸ್ ಎಷ್ಟು?’

ಬಾಕ್ಸ್ ಇಲ್ಲ, ಮೈಕೂ ಇಲ್ಲ, ಒಂದು ಗಿಟಾರ್ ಅಷ್ಟೇ ಅಂದೆವು. ಗುಮಾಸ್ತರು ಪೆನ್ನು ಕೆಳಗಿಟ್ಟರು.

‘ನೋಡಿ ಸಾರ್, ಅನುಮತಿ ಕೊಡೋದು ಧ್ವನಿವರ್ಧಕಕ್ಕೆ. ಮೈಕೇ ಇಲ್ಲ ಅಂದ್ರೆ ಯಾವುದಕ್ಕೆ ಕೊಡ್ಲಿ? ಎರಡು ಬಾಕ್ಸ್ ಇಟ್ಕೊಳ್ಳಿ. ಸಣ್ಣವೇ ಆಗ್ಲಿ. ಇವತ್ತೇ ಸೈನ್ ಮಾಡಿಸ್ಕೊಡ್ತೀನಿ.’

ಮಂಡಿ ಹುಡುಗ ಈಗ ಬಾಕ್ಸ್ ಬಾಡಿಗೆ ವಿಚಾರಿಸುತ್ತಿದ್ದಾನೆ. ನಾಲ್ಕು ತಗೊಂಡರೆ ಸ್ವಲ್ಪ ಕಮ್ಮಿಗೆ ಕೊಡುತ್ತಾರಂತೆ.