ತರಕಾರಿ ಎಂದರೆ ಮೆಣಸಿನಕಾಯಿ

ಚೀನೀ ಭಾಷೆಯಲ್ಲಿ ‘ಛಾವ್’ ಅಂತ ಒಂದು ಕ್ರಿಯಾಪದವಿದೆ. ಕನ್ನಡದಲ್ಲಿ ಅದಕ್ಕೆ ಏನನ್ನಬೇಕೆಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಹುರಿಯುವುದು ಎಂದರೆ ರವೆ, ಕಡಲೆಬೀಜ ಕಣ್ಣಮುಂದೆ ಬರುತ್ತವೆ. ಬಾಡಿಸುವುದು ಈರುಳ್ಳಿಗಾಯಿತು. ಕರಿಯಲಿಕ್ಕೆ ಬಾಣಲೆ ತುಂಬ ಎಣ್ಣೆ ಬೇಕು. ಛಾವ್ ಇದ್ಯಾವುದೂ ಅಲ್ಲ. ಹೊಗೆಯೇಳುವಷ್ಟು ಕಾದ ಬಾಣಲೆಗೆ ಎರಡು ಚಮಚ ಎಣ್ಣೆ ಬಿಟ್ಟು, ಹೆಚ್ಚಿದ್ದನ್ನು ಸುರಿದು, ಅದು ಕೂರುವ ಮೊದಲೇ ಎಬ್ಬಿಸಿ ಎಬ್ಬಿಸಿ ಓಡಿಸುವುದು. ಅಡುಗೆ ಅನ್ನುವುದಕ್ಕಿಂತ ಜಗಳ ಅನ್ನಬಹುದು.

ಕೆಲಸದ ಮೇಲೆ ಎರಡು ವರ್ಷ ಹುನಾನ್ ಪ್ರಾಂತ್ಯದ ಛಾಂಗ್‌ಶಾದಲ್ಲಿದ್ದಾಗ ನನಗೆ ಈ ಜಗಳ ಕಲಿಸಿದವರು ಬಾಡಿಗೆ ಮನೆಯ ಮಾಲಕಿ. ಅಲ್ಲಿ ತಾಯಿಯ ವಯಸ್ಸಿನ ಹೆಂಗಸರನ್ನು ‘ಆಯೀ’ ಎಂದು ಕರೆಯುತ್ತಾರೆ, ಚಿಕ್ಕಮ್ಮ ಅಂದಹಾಗೆ. ಒಮ್ಮೆ ಧಾರವಾಡದ ಗೆಳೆಯನಿಗೆ ಫೋನಿನಲ್ಲಿ “ಇವತ್ತು ಆಯಿ ಹಂದಿಮಾಂಸ ಮಾಡಿದ್ರು” ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಅವನ ಮನೆಯಲ್ಲಿ ಆಯಿ ಎಂದರೆ ಮಡಿ ಉಡುವ ಅಜ್ಜಿ.

ಆಯೀ ಮಾಡುತ್ತಿದ್ದದ್ದು ಲಾಜಿಯಾವ್ ಛಾವ್ ರೌ. ಛಾಂಗ್‌ಶಾದಲ್ಲಿ ಇದು ಮನೆಮನೆಯ ನಿತ್ಯದೂಟ. ಲಾಜಿಯಾವ್ ಮೆಣಸಿನಕಾಯಿ, ರೌ ಮಾಂಸ. ಯಾವ ಮಾಂಸ ಎಂದು ಕೇಳಿದರೆ ನೀವು ಹೊಸಬರು ಅಂತ ಗೊತ್ತಾಗುತ್ತದೆ. ದನದ್ದೋ ಕುರಿಯದ್ದೋ ಆದರೆ ಆ ಹೆಸರು ಮುಂದೆ ಸೇರಿಸುತ್ತಾರೆ. ಬರೀ ರೌ ಎಂದರೆ ಹಂದಿಯೇ. ಮನೆ ಎಂಬುದಕ್ಕೆ ಅವರು ಬರೆಯುವ ಅಕ್ಷರದಲ್ಲಿ ಮೇಲೊಂದು ಸೂರು, ಅದರಡಿಯಲ್ಲೊಂದು ಹಂದಿ. ನೂರಾರು ಅಕ್ಷರ ಕಲಿತು ಮರೆತಿದ್ದೇನೆ, ಇದೊಂದು ಮರೆತಿಲ್ಲ. ಕೊಡಗಿನವನಿಗೆ ಹೇಗೆ ಮರೆಯುತ್ತದೆ?

ತರಕಾರಿ ಎಲ್ಲಿ ಎಂದು ಮೊದಲ ದಿನ ನಾನೂ ಹುಡುಕಿದ್ದೆ. ಮೆಣಸಿನಕಾಯಿಯೇ ತರಕಾರಿ. ನಮ್ಮಲ್ಲಿ ಒಗ್ಗರಣೆಗೆ ನಾಲ್ಕು ಬಿದ್ದು, ಕೊನೆಗೆ ತಟ್ಟೆಯ ಅಂಚಿಗೆ ಹೋಗಿ ಕೂರುವ ಜೀವ ಅದು. ಅಲ್ಲಿ 300 ಗ್ರಾಂ ಮಾಂಸಕ್ಕೆ ಹೆಚ್ಚುಕಮ್ಮಿ ಅಷ್ಟೇ ತೂಕದ ಹಸಿಮೆಣಸಿನಕಾಯಿ. ಇಷ್ಟಾಗಿ ಅದು ಚೀನಾದ್ದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಹಡಗು ಹತ್ತಿ ಎರಡೂ ಕಡೆ ಬಂದಿಳಿದ ನೆಂಟ. 1591ರ ಒಂದು ಚೀನೀ ಪುಸ್ತಕ ಅದನ್ನು ‘ಪರದೇಶಿ ಮೆಣಸು’ ಎಂದು ಕರೆದು, ಸವೆದ ಕುಂಚದ ತುದಿಯಂಥ ಕೆಂಪು ಕಾಯಿ, ಖಾರ, ನೋಡಲು ಬಲು ಚೆಂದ ಎಂದು ಹೂಗಿಡಗಳ ಸಾಲಿನಲ್ಲಿ ಕೂರಿಸಿದೆ. ಹೂಗಿಡವೆಂದು ಬಂದದ್ದು ಹುನಾನಿನ ಅಡುಗೆಮನೆಯನ್ನೇ ಆಳತೊಡಗಿತು.

ಒಲೆಯ ಕೆಲಸ ಮೂರು ನಿಮಿಷ. ಅದಕ್ಕೆ ಮುಂಚಿನದು ಮುಕ್ಕಾಲು ಗಂಟೆ. ಆಯೀಯ ಕತ್ತಿ ನಮ್ಮ ಪಂಚಾಂಗದಷ್ಟು ಅಗಲ. ಅದರ ಬಾಯಿಯಿಂದ ಮಾಂಸ ಹೆಚ್ಚುವರು, ಮಗ್ಗುಲಿನಿಂದ ಬೆಳ್ಳುಳ್ಳಿ ಜಜ್ಜುವರು, ಹೆಚ್ಚಿದ್ದನ್ನೆಲ್ಲ ಅದರ ಮೇಲೇ ಎತ್ತಿ ಬಟ್ಟಲಿಗೆ ಸಾಗಿಸುವರು. ಹೆಚ್ಚುವುದಕ್ಕೊಂದು ಗಾದೆಯೂ ಇದೆ: ದನದ್ದು ಅಡ್ಡ, ಹಂದಿಯದು ಉದ್ದ, ಕೋಳಿಯದು ಓರೆ. ಹಂದಿಯ ಎಳೆ ಮೊದಲೇ ಮೃದು, ಅಡ್ಡ ಕೊಯ್ದರೆ ಬಾಣಲೆಯಲ್ಲಿ ಪುಡಿಯಾಗುತ್ತದೆ. ಕೊಬ್ಬಿನ ಭಾಗ ಒಂದು ಬಟ್ಟಲಿಗೆ, ಬರೀ ಮಾಂಸ ಇನ್ನೊಂದಕ್ಕೆ. ಎರಡನೆಯದಕ್ಕೆ ಸೋಯಾ ಸಾಸ್, ಚಿಟಿಕೆ ಕಾರ್ನ್‌ಫ್ಲೋರ್, ತುಸು ನೀರು ಹಾಕಿ ಕೈಯಲ್ಲಿ ಕಲಸಬೇಕು. ಎಷ್ಟು ಎಂದರೆ ಆಯೀ ‘ಷ್ರ್‌ಲಿಯಾಂಗ್’ ಅನ್ನುತ್ತಿದ್ದರು. ನಿಘಂಟು ತೆಗೆದು ನೋಡಿ ನಕ್ಕುಬಿಟ್ಟೆ. ನಮ್ಮ ಅಡುಗೆ ಪುಸ್ತಕದ ‘ತಕ್ಕಷ್ಟು’ ಅಲ್ಲೂ ಹಾಗೆಯೇ ಅಚ್ಚಾಗುತ್ತದೆ.

ಆಮೇಲೆ ಒಲೆ. ಮೊದಲು ಮೆಣಸಿನಕಾಯಿಯನ್ನು ಎಣ್ಣೆಯಿಲ್ಲದೆ, ಬಾಣಲೆಗೆ ಒತ್ತಿ ಒತ್ತಿ ಸುಡುತ್ತಾರೆ. ಸಿಪ್ಪೆಯ ಮೇಲೆ ಕಂದು ಕಲೆ ಏಳಬೇಕು. ಅದಕ್ಕೆ ಹುಲಿಚರ್ಮ ಎಂದೇ ಹೆಸರು. ಅಷ್ಟರಲ್ಲಿ ಇಡೀ ಮನೆ ಕೆಮ್ಮುತ್ತಿರುತ್ತದೆ. ಅದನ್ನು ತೆಗೆದಿಟ್ಟು, ಕೊಬ್ಬಿನ ತುಂಡುಗಳು ಎಣ್ಣೆ ಬಿಟ್ಟು ಅಂಚು ಮುದುಡುವ ತನಕ ಬಿಟ್ಟು, ಬೆಳ್ಳುಳ್ಳಿ, ಹುದುಗಿಸಿದ ಕಪ್ಪು ಸೋಯಾ ಕಾಳು, ಹಿಂದೆಯೇ ಮಾಂಸ. ಅದು ಬಣ್ಣ ತಿರುಗಿ ಬೆಂದದ್ದೇ ತಡ, ಮೆಣಸಿನಕಾಯಿ ವಾಪಸ್ಸು, ಬಾಣಲೆಯ ಅಂಚಿಗೆ ಸೋಯಾ ಸಾಸ್, ಚುಂಯ್ ಎನ್ನುವ ಸದ್ದಿನ ಜೊತೆಗೇ ಇಳಿಸುವುದು. ತಟ್ಟೆಯ ತಳದಲ್ಲಿ ಉಳಿದ ಎಣ್ಣೆಗೆ ಅನ್ನ ಕಲಸಿಕೊಳ್ಳುವಾಗ ಯಾರೂ ಮಾತಾಡುವುದಿಲ್ಲ.

ನಾನು ಮೊದಲ ಸಲ ಒಬ್ಬನೇ ಮಾಡಿದಾಗ ಆರು ಜನ ಬರುವವರಿದ್ದರು. ಎಲ್ಲವನ್ನೂ ದುಪ್ಪಟ್ಟು ಮಾಡಿ ಒಟ್ಟಿಗೇ ಸುರಿದೆ. ಬಾಣಲೆ ತಣ್ಣಗಾಯಿತು, ಮಾಂಸ ನೀರು ಬಿಟ್ಟಿತು, ಮೆಣಸಿನಕಾಯಿ ಅದರಲ್ಲಿ ಈಜಿತು. ಆಯೀ ಇಣುಕಿ ನೋಡಿ, ಇದು ಛಾವ್ ಅಲ್ಲ, ಸಾರು ಎಂದರು. ಜನ ಹೆಚ್ಚಾದರೆ ಎರಡು ಸಲ ಮಾಡಬೇಕೇ ಹೊರತು ಬಾಣಲೆ ತುಂಬಿಸಬಾರದು ಎಂಬುದು ಆ ದಿನ ಗೊತ್ತಾಯಿತು.

ಮಡಿಕೇರಿಗೆ ಬಂದಮೇಲೆ ಬಜ್ಜಿ ಮೆಣಸಿನಕಾಯಿ ತಂದು ಮಾಡಿದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು. ಅವಳ ಲೆಕ್ಕದಲ್ಲಿ ಹಂದಿ ಎಂದರೆ ಗಂಟೆಗಟ್ಟಲೆ ಬೇಯಬೇಕು, ಮಸಾಲೆ ಹುರಿದು ಕಪ್ಪಾಗಬೇಕು.

“ಇಷ್ಟು ಬೇಗ ಬೆಂತಾ?”

“ಬೆಂದಿದೆ, ತಿಂದು ನೋಡು.”

ಒಂದು ತುಂಡು ತಿಂದಳು. ಏನೂ ಹೇಳಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸದ ಬಾಟಲಿ ತಂದು ತನ್ನ ತಟ್ಟೆಗೆ ಎರಡು ಹನಿ ಬಿಟ್ಟುಕೊಂಡಳು, ನನ್ನದಕ್ಕೂ ಕೇಳದೆಯೇ ಬಿಟ್ಟಳು. ಬೇಡ ಅನ್ನುವಷ್ಟರಲ್ಲಿ ಆಗಿಹೋಗಿತ್ತು. ತಿಂದೆ. ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಚೆನ್ನಾಗಿತ್ತು.

ಆಯೀ ಈಗಲೂ ಆಗಾಗ ವಿಡಿಯೋ ಕರೆ ಮಾಡಿ, ಬಾಣಲೆ ತೋರಿಸು ಎನ್ನುತ್ತಾರೆ. ತೋರಿಸುತ್ತೇನೆ. ಬಾಟಲಿಯನ್ನು ಮಾತ್ರ ಆಚೆ ಸರಿಸಿಟ್ಟಿರುತ್ತೇನೆ.