ಒಂದು ರೊಟ್ಟಿ ತಿಂದಿದ್ದಕ್ಕೆ ಮೂರು ಸಲ ವಾಪಸ್

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಗೆ ಕೆಲಸಕ್ಕೆ ಬರುವ ಹುಡುಗಿ ಕಲಬುರಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಇದು ಮೊದಲ ಬಸಿರು. ನಸುಕಿನಲ್ಲೇ ಎದ್ದು, ಗಂಡನಿಗೆ ಬುತ್ತಿ ಕಟ್ಟಿ, ತಾನೊಂದು ರೊಟ್ಟಿ ತಿಂದು ಮನೆ ಬಿಡುತ್ತಾಳೆ. ಸಕ್ಕರೆ ಪರೀಕ್ಷೆಗೆ ಹೋದಾಗಲೆಲ್ಲ ಆ ರೊಟ್ಟಿಯೇ ಅಡ್ಡ ಬಂತು. "ಖಾಲಿ ಹೊಟ್ಟಿಲೇ ಬಾ ಅಂದ್ರು ಅಕ್ಕಾರ. ಖಾಲಿ ಹೊಟ್ಟಿಲೇ ಹೋದ್ರ ತಲಿ ತಿರಗತೈತ್ರಿ" ಅಂದಳು. ಮೂರು ಸಲ ವಾಪಸ್ ಕಳಿಸಿದ್ದಾರೆ. ಮೂರು ದಿನದ ಕೆಲಸವೂ ಹೋಯಿತು.

ಕೇಳಿ ನನಗೆ ತುಂಬಾ ಸಿಟ್ಟು ಬಂತು. ಯಾಕಂದ್ರೆ ಊಟ ಮಾಡಿದ್ದರೂ ಮಾಡಬಹುದಾದ ಪರೀಕ್ಷೆ ನಮ್ಮ ದೇಶದಲ್ಲೇ ಇದೆ. ಡಿಪ್ಸಿ ಅಂತಾರೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಾರರು ರೂಢಿಗೆ ತಂದದ್ದು. 75 ಗ್ರಾಂ ಗ್ಲೂಕೋಸ್ ಅನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಎರಡು ಗಂಟೆ ಬಿಟ್ಟು ಒಂದೇ ಸಲ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಕೊನೆಯ ಊಟ ಯಾವಾಗ ಅಂತ ಕೇಳಬೇಕಾಗಿಯೇ ಇಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮೊದಲ ತಪಾಸಣೆಗೆ ಬಂದಾಗ ಒಮ್ಮೆ, ಅದು ಸರಿ ಇದ್ದರೆ 24ರಿಂದ 28 ವಾರದೊಳಗೆ ಇನ್ನೊಮ್ಮೆ.

"ಉಪವಾಸದ ಪರೀಕ್ಷೆಯೇ ಪಕ್ಕಾ ಅಲ್ವಾ?" ಅಂತ ಕೇಳುವವರಿದ್ದಾರೆ. ನನ್ನ ತಂಗಿಯೂ ಕೇಳಿದಳು. ಅವಳಿಗೆ ಮಾಡಿದ್ದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ವಿಧಾನ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗ್ಲೂಕೋಸ್ ಕುಡಿದು ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ರಕ್ತ ತೆಗೆಯುತ್ತಾರೆ. ಗೆರೆಗಳು 92, 180, 153. ಮೂರರಲ್ಲಿ ಒಂದು ಮುಟ್ಟಿದರೂ ಕಾಯಿಲೆ ಇದೆ ಅಂತ ಲೆಕ್ಕ. ಅವಳ ಅಂಕಿ 94, 160, 138. ಖಾಲಿ ಹೊಟ್ಟೆಯ 94ರಿಂದಾಗಿ ಕಾಯಿಲೆ ಇದೆ ಅಂದರು. ಡಿಪ್ಸಿಯ ಗೆರೆ ಇಟ್ಟು ನೋಡಿದರೆ 138 ಅಂದರೆ ಇಲ್ಲ. ಇನ್ನೊಬ್ಬಳಿಗೆ 85, 170, 145 ಬಂತು ಅನ್ನಿ. ಆಗ ಉಲ್ಟಾ ಆಗುತ್ತದೆ. ಡಿಪ್ಸಿ ಪ್ರಕಾರ ಕಾಯಿಲೆ ಇದೆ, ಮೂರು ಸಲದ ಪರೀಕ್ಷೆ ಪ್ರಕಾರ ಇಲ್ಲ. ಅಮೆರಿಕದಲ್ಲಿ ಹೆಚ್ಚಿನ ಕಡೆ ಬೇರೆಯೇ ದಾರಿ. ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ, ಜಾಸ್ತಿ ಬಂದವರಿಗೆ ಮಾತ್ರ 100 ಗ್ರಾಂ ಕುಡಿಸಿ ಮೂರು ಗಂಟೆ ಕೂರಿಸುತ್ತಾರೆ.

ಹಾಗಾದರೆ ಯಾವ ಗೆರೆ ಸರಿ? 2008ರಲ್ಲಿ ಹ್ಯಾಪೋ ಅನ್ನುವ ಅಧ್ಯಯನ ಬಂತು. ಒಂಬತ್ತು ದೇಶಗಳ 23,000ಕ್ಕೂ ಹೆಚ್ಚು ಬಸುರಿಯರನ್ನು ನೋಡಿದ್ದರು. ಸಕ್ಕರೆ ಏರಿದ ಹಾಗೆ ಮಗು ದಪ್ಪ ಆಗುವ ಅಪಾಯವೂ ಏರುತ್ತಲೇ ಹೋಗುತ್ತದೆ. ಇಲ್ಲಿಂದ ಮೇಲೆ ಅಪಾಯ, ಕೆಳಗೆ ಏನಿಲ್ಲ ಅನ್ನುವ ಜಾಗ ಅದರಲ್ಲಿ ಕಾಣಲಿಲ್ಲ. ಗೆರೆ ಎಳೆದವರು ನಾವೇ. 2021ರಲ್ಲಿ ಅಮೆರಿಕದಲ್ಲಿ ಸುಮಾರು 24,000 ಬಸುರಿಯರ ಮೇಲೆ ಇನ್ನೊಂದು ಅಧ್ಯಯನ ಆಯಿತು. ಒಂದೇ ಸಲಕ್ಕೆ ಮುಗಿಯುವ ಉಪವಾಸದ ಪರೀಕ್ಷೆಯಲ್ಲಿ ಸಿಕ್ಕ ಕಾಯಿಲೆ ಎರಡು ಹಂತದ ಪರೀಕ್ಷೆಗಿಂತ ಹೆಚ್ಚುಕಡಿಮೆ ದುಪ್ಪಟ್ಟು. ಆದರೆ ದಪ್ಪ ಮಕ್ಕಳು, ಸಿಸೇರಿಯನ್ ಎರಡು ಕಡೆಯೂ ಹತ್ತಿರಹತ್ತಿರ ಅಷ್ಟೇ.

ಡಿಪ್ಸಿಯಲ್ಲಿ ಕೆಲವರು ತಪ್ಪಿಹೋಗುತ್ತಾರೆ ಅನ್ನುವ ಮಾತು ನಿಜ. ನನ್ನ ತಂಗಿಯೇ ತಪ್ಪಿಹೋಗುತ್ತಿದ್ದಳು. ಅಪ್ಪ ಅಮ್ಮನಿಗೆ ಸಕ್ಕರೆ ಇದ್ದರೆ, ಹಿಂದಿನ ಮಗು ದಪ್ಪ ಇದ್ದರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೋದು ಕಷ್ಟ ಇಲ್ಲದಿದ್ದರೆ ಮೂರು ಸಲ ರಕ್ತ ತೆಗೆಯುವ ಪರೀಕ್ಷೆಯನ್ನೇ ಮಾಡಿಸಿ. (ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದೇ ಸಾಕು ಅಂದ್ಕೋಬೇಡಿ. ಬಸಿರಿನಲ್ಲಿ, ಅದರಲ್ಲೂ ರಕ್ತ ಕಡಿಮೆ ಇದ್ದರೆ, ಅದನ್ನು ನಂಬೋಕಾಗಲ್ಲ.) ಆದರೆ ಡಿಪ್ಸಿಯಿಂದ ತಪ್ಪಿಹೋಗುವವರ ಬಗ್ಗೆ ಮಾತಾಡುವಷ್ಟು, ಪರೀಕ್ಷೆಯೇ ಆಗದೆ ಮನೆಗೆ ಹೋಗುವವರ ಬಗ್ಗೆ ನಾವು ಮಾತಾಡೋದೇ ಇಲ್ಲ. ಬಂದವಳನ್ನು ಬಂದ ದಿನವೇ ನೋಡಿ ಕಳಿಸಿ. ನಾನು ಕೇಳುವುದು ಇಷ್ಟೇ.

ನಾಲ್ಕನೇ ಸಲ ನಾನೇ ಅವಳ ಜೊತೆ ಬೇರೆ ಆಸ್ಪತ್ರೆಗೆ ಹೋದೆ. ರೊಟ್ಟಿ ತಿಂದೇ ಬಂದಿದ್ದಳು. ಅಲ್ಲಿನ ಸಿಸ್ಟರ್ ಏನೂ ಕೇಳದೆ ಲೋಟ ಕೈಗಿಟ್ಟರು. ಎರಡು ಗುಟುಕಿಗೇ ಅವಳಿಗೆ ವಾಕರಿಕೆ ಬಂತು. ಸೆರಗಿನಲ್ಲಿ ಮೂಗು ಮುಚ್ಚಿ, ನಿಂಬೆ ಹೋಳು ಮೂಸುತ್ತ ಹತ್ತು ನಿಮಿಷದೊಳಗೆ ಮುಗಿಸಿದಳು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಬೇಕು. ಇಬ್ಬರೂ ಗಡಿಯಾರ ನೋಡುತ್ತ ಕೂತಿದ್ದೆವು.

156 ಬಂತು. ಆಗಲೇ 27ನೇ ವಾರ. ಮೊದಲ ಸಲ ಹೋದಾಗಲೇ ನೋಡಿದ್ದರೆ ಮೂರನೇ ತಿಂಗಳಲ್ಲೇ ಗೊತ್ತಾಗುತ್ತಿತ್ತೇನೋ. ಎರಡು ವಾರ ಊಟ ಬದಲಿಸಿ ನೋಡೋಣ ಅಂದರು. ಚಹಾಕ್ಕೆ ಸಕ್ಕರೆ ಬಿಟ್ಟಳು, ಅನ್ನ ಕಡಿಮೆ ಮಾಡಿದಳು, ಜೋಳದ ರೊಟ್ಟಿ ಜೊತೆ ಬೇಳೆ, ಸೊಪ್ಪು. ಮೊನ್ನೆ ಊಟವಾಗಿ ಎರಡು ಗಂಟೆಗೆ 112. 120ರ ಒಳಗೇ ಇದೆ, ಇನ್ಸುಲಿನ್ ಸದ್ಯಕ್ಕೆ ಬೇಡ ಅಂದರು.

ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಬಾಣಂತನದ ಗಲಾಟೆಯಲ್ಲಿ ಅದು ಯಾರಿಗೂ ನೆನಪಿರಲ್ಲ. ಹೆರಿಗೆಗೆ ತವರಿಗೆ ಹೋಗ್ತೀನಿ ಅಂದಿದ್ದಾಳೆ. ಅವಳ ಅಮ್ಮನ ಫೋನ್ ನಂಬರ್ ಇಸ್ಕೊಂಡು ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೀನಿ.